ವೋಕಿಂಗ್: ರೈಲು ಹಳಿಯ ಪಕ್ಕದ ಮಸೀದಿ ನಮಗೆ ಕಲಿಸುವ ಪಾಠ

ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಮಕ್ಕಳು ಇಂಗ್ಲೆಂಡಿಗೆ ಹೋಗಿ ನೆಲೆಸಿರುವ ಕುಟುಂಬಗಳು ಈಗ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿಯೂ ಅಪರೂಪವಲ್ಲ. ಮಗನನ್ನೋ ಮಗಳನ್ನೋ ಕಾಣಲು ಅಲ್ಲಿಗೆ ಹೋಗುವ ತಂದೆ ತಾಯಂದಿರು ಲಂಡನ್ನಿನ ಅರಮನೆಯನ್ನು, ಗಡಿಯಾರದ ಗೋಪುರವನ್ನು, ಥೇಮ್ಸ್ ನದಿಯ ಸೇತುವೆಗಳನ್ನು ನೋಡಿ ಹಿಂದಿರುಗುತ್ತಾರೆ. ಅವೆಲ್ಲ ನೋಡತಕ್ಕವೇ ಹೌದು. ಆದರೆ ಅದೇ ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ತಲುಪಬಹುದಾದ ವೋಕಿಂಗ್ ಎಂಬ ಊರಿಗೆ ಹೋಗಿ ಬಂದವರು ಕಡಿಮೆ. ಸರ್ರೆ ಪ್ರಾಂತ್ಯದ ಹಸಿರು ಬಯಲಿನ ನಡುವೆ ಇರುವ ಈ ಊರಿನಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಬೆಳಗ್ಗೆ ಸಾವಿರಾರು ಜನ ರೈಲು ಹತ್ತಿ ಲಂಡನ್ನಿಗೆ ದುಡಿಯಲು ಹೋಗುತ್ತಾರೆ, ಸಂಜೆ ದಣಿದು ಮರಳುತ್ತಾರೆ. ಹಾಗಿದ್ದರೂ ಬ್ರಿಟನ್ನಿನ ಮುಸ್ಲಿಮರ ಇತಿಹಾಸವನ್ನು ಬರೆಯುವ ಯಾರೂ ಈ ಊರಿನ ಹೆಸರನ್ನು ಬಿಟ್ಟು ಬರೆಯಲಾರರು. ನಮ್ಮ ನಾಡಿನ ಸಣ್ಣ ಊರುಗಳಿಗೂ ಅದರ ಕಥೆಯಲ್ಲಿ ಒಂದು ಎಚ್ಚರಿಕೆ ಇದೆ.

ರೈಲು ಹುಟ್ಟಿಸಿದ ಊರು

ಇಂದಿನ ವೋಕಿಂಗ್ ಪಟ್ಟಣಕ್ಕೆ ಇನ್ನೂರು ವರ್ಷವೂ ಆಗಿಲ್ಲ. ಅದೇ ಹೆಸರಿನ ಹಳೆಯ ಹಳ್ಳಿಯೊಂದು ಕೆಲವು ಕಿಲೋಮೀಟರ್ ದಕ್ಷಿಣಕ್ಕೆ ನದಿಯ ದಡದಲ್ಲಿತ್ತು, ಈಗಲೂ ಇದೆ. 1838ರ ಮೇ ತಿಂಗಳಿನಲ್ಲಿ ಲಂಡನ್ನಿನಿಂದ ಸೌತಾಂಪ್ಟನ್ ಬಂದರಿನ ಕಡೆಗೆ ಹಾಕುತ್ತಿದ್ದ ರೈಲು ಮಾರ್ಗದ ಮೊದಲ ಭಾಗ ತೆರೆದಾಗ, ನಿಲ್ದಾಣವನ್ನು ಕಟ್ಟಿದ್ದು ಹಳ್ಳಿಯಲ್ಲಲ್ಲ, ಜನವಸತಿಯಿಲ್ಲದ ಕುರುಚಲು ಬಯಲಿನಲ್ಲಿ. ಮರಳು ಮಿಶ್ರಿತ ಬಡ ನೆಲ ಅದು. ಬೆಳೆಗೆ ಒದಗದ ಅಂಥ ಬೀಳಿನಲ್ಲಿ ನಿಂತಿದ್ದ ಒಂಟಿ ನಿಲ್ದಾಣದ ಸುತ್ತ ನಿಧಾನವಾಗಿ ಊರು ಬೆಳೆಯಿತು.

ಆ ಬೆಳವಣಿಗೆಗೆ ಕಾರಣವಾದ ಸಂಸ್ಥೆಯೂ ವಿಚಿತ್ರವಾದುದೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ಸ್ಮಶಾನಗಳು ತುಂಬಿಹೋಗಿದ್ದವು. ಕಾಲರಾ ಮಾರಿಯಿಂದ ಸತ್ತವರನ್ನು ಹೂಳಲು ನೆಲ ಸಾಲುತ್ತಿರಲಿಲ್ಲ. ಆಗ 1852ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಒಂದು ಕಂಪೆನಿ ಸ್ಥಾಪನೆಯಾಗಿ, ವೋಕಿಂಗ್ ಸುತ್ತಲಿನ ಸುಮಾರು 2000 ಎಕರೆ ಬಯಲನ್ನು ಕೊಂಡಿತು. ಅದರ ಒಂದು ಭಾಗದಲ್ಲಿ ಬ್ರೂಕ್‌ವುಡ್ ಎಂಬ ವಿಶಾಲ ದಫನಭೂಮಿ 1854ರಲ್ಲಿ ತೆರೆಯಿತು. ಲಂಡನ್ನಿನಿಂದ ಶವಗಳನ್ನು ಹೊತ್ತು ತರಲೆಂದೇ ಪ್ರತ್ಯೇಕ ರೈಲು ಓಡುತ್ತಿತ್ತು. 1941ರಲ್ಲಿ ಆ ನಿಲ್ದಾಣದ ಮೇಲೆ ಬಾಂಬು ಬೀಳುವವರೆಗೂ ಈ ವ್ಯವಸ್ಥೆ ಉಳಿದಿತ್ತು. ದಫನಕ್ಕೆ ಬೇಡವಾದ ಮಿಕ್ಕ ನೆಲವನ್ನು ಕಂಪೆನಿ ಮನೆಗಳಿಗೂ ಸಂಸ್ಥೆಗಳಿಗೂ ಮಾರಿತು. ಸತ್ತವರಿಗಾಗಿ ಕೊಂಡ ನೆಲದಲ್ಲಿ ಬದುಕಿದ್ದವರ ಊರು ಎದ್ದುನಿಂತಿತು.

ಒಬ್ಬ ವಿದ್ವಾಂಸ, ಒಬ್ಬ ಬೇಗಂ

ಹೀಗೆ ಮಾರಾಟವಾದ ನೆಲದಲ್ಲಿ ವಯಸ್ಸಾದ ನಾಟಕ ಕಲಾವಿದರ ಆಶ್ರಯಕ್ಕೆಂದು ದೊಡ್ಡ ಕಟ್ಟಡವೊಂದು 1860ರ ದಶಕದಲ್ಲಿ ಮೇಲೆದ್ದಿತ್ತು. ಹಣವಿಲ್ಲದೆ ಆ ಆಶ್ರಯಧಾಮ ಬಹುಬೇಗ ಮುಚ್ಚಿತು. ಖಾಲಿ ಬಿದ್ದ ಆ ಕಟ್ಟಡವನ್ನು 1880ರ ದಶಕದಲ್ಲಿ ಕೊಂಡವರು ಗಾಟ್ಲೀಬ್ ವಿಲ್ಹೆಲ್ಮ್ ಲೈಟ್ನರ್. ಅವರು 1840ರಲ್ಲಿ ಹಂಗೇರಿಯ ಪೆಸ್ಟ್ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ಇಸ್ತಾಂಬುಲ್‌ನಲ್ಲಿ ಅರಬಿ, ತುರ್ಕಿ ಭಾಷೆಗಳನ್ನು ಕಲಿತ ಈ ಅಸಾಧಾರಣ ಭಾಷಾಪಂಡಿತ ಇಪ್ಪತ್ತರ ಹರೆಯದಲ್ಲಿಯೇ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅರಬಿ ಪ್ರಾಧ್ಯಾಪಕರಾದರು. 1864ರಲ್ಲಿ ಲಾಹೋರಿನ ಸರ್ಕಾರಿ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದು, ಮುಂದೆ 1882ರಲ್ಲಿ ಪಂಜಾಬ್ ವಿಶ್ವವಿದ್ಯಾನಿಲಯ ರೂಪುಗೊಳ್ಳಲು ದುಡಿದರು. ಬ್ರಿಟಿಷರು ಬರುವ ಮೊದಲು ಪಂಜಾಬಿನ ಮದ್ರಸಗಳಲ್ಲಿ, ಪಾಠಶಾಲೆಗಳಲ್ಲಿ ವಿದ್ಯೆ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ದಾಖಲೆ ಸಹಿತ ಬರೆದವರೂ ಅವರೇ.

ಇಂಗ್ಲೆಂಡಿಗೆ ಮರಳಿದ ಲೈಟ್ನರ್ ವೋಕಿಂಗ್‌ನ ಆ ಕಟ್ಟಡದಲ್ಲಿ ಪೌರ್ವಾತ್ಯ ವಿದ್ಯಾಸಂಸ್ಥೆಯನ್ನು ತೆರೆದರು. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಅವರವರ ಧರ್ಮಾಚರಣೆಗೆ ಅಡ್ಡಿಯಾಗಬಾರದು ಎಂಬುದು ಅವರ ನಿಲುವು. ಮುಸ್ಲಿಮ್ ವಿದ್ಯಾರ್ಥಿಗಳ ನಮಾಝಿಗೆ ಮಸೀದಿ ಬೇಕೆಂದು ಅವರು ಧನಸಹಾಯ ಕೋರಿದಾಗ ಉದಾರವಾಗಿ ಕೊಟ್ಟವರು ಭೋಪಾಲದ ಆಡಳಿತಗಾರ್ತಿ ನವಾಬ್ ಶಾಹ್‌ಜಹಾನ್ ಬೇಗಂ. 1868ರಿಂದ 1901ರವರೆಗೆ ರಾಜ್ಯವಾಳಿದ ಈ ಮಹಿಳೆಯ ಹೆಸರಿನಲ್ಲಿಯೇ ಮಸೀದಿ 1889ರಲ್ಲಿ ತೆರೆಯಿತು. ವಿಲಿಯಂ ಐಸಾಕ್ ಚೇಂಬರ್ಸ್ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದರು. ಈರುಳ್ಳಿಯಾಕಾರದ ಗುಮ್ಮಟ, ಅಲಂಕೃತ ಮುಂಬಾಗಿಲು, ಮುಂದೆ ವುಝೂಗೆ ನೀರಿನ ಕೊಳ. ಒಳಗೆ ಕೆಲವೇ ಸಾಲುಗಳಿಗೆ ಸಾಲುವಷ್ಟು ಜಾಗ. ನಮ್ಮ ಜಿಲ್ಲೆಯ ಸಾಧಾರಣ ಮೊಹಲ್ಲಾ ಮಸೀದಿಗಿಂತಲೂ ಅದು ದೊಡ್ಡದಲ್ಲ. ಆದರೆ ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಲಾದ ಮೊಟ್ಟಮೊದಲ ಕಟ್ಟಡ ಅದು. ಅದೇ ವರ್ಷ ಲಿವರ್‌ಪೂಲ್‌ನಲ್ಲಿ ಅಬ್ದುಲ್ಲಾಹ್ ಕ್ವಿಲ್ಲಿಯಮ್ ಅವರು ತೆರೆದ ಮಸೀದಿ ಹಳೆಯ ಮನೆಯೊಂದರಲ್ಲಿತ್ತು. ವಿಕ್ಟೋರಿಯಾ ರಾಣಿಯ ವಿಂಡ್ಸರ್ ಅರಮನೆಯಲ್ಲಿದ್ದ ಭಾರತೀಯ ಮುಸ್ಲಿಮ್ ಪರಿಚಾರಕರೂ ವೋಕಿಂಗ್ ಮಸೀದಿಗೆ ನಮಾಝಿಗೆ ಬರುತ್ತಿದ್ದರು.

ಕನ್ನಡಿಗರಿಗೆ ಇಲ್ಲೊಂದು ಪರಿಚಿತ ಹೆಸರೂ ಸಿಗುತ್ತದೆ. ಮಸೀದಿಯ ಪಕ್ಕದ ಮನೆಗೆ ಸರ್ ಸಾಲಾರ್ ಜಂಗ್ ಸ್ಮಾರಕ ಭವನ ಎಂದು ಹೆಸರು. 1883ರಲ್ಲಿ ತೀರಿಕೊಂಡ ಸಾಲಾರ್ ಜಂಗ್ ಹೈದರಾಬಾದ್ ಸಂಸ್ಥಾನದ ಪ್ರಧಾನಿ. ಅಂದರೆ ನಮ್ಮ ಕಲಬುರಗಿ, ಬೀದರ್, ರಾಯಚೂರು ಸೀಮೆಗಳನ್ನು ಒಳಗೊಂಡ ಸಂಸ್ಥಾನದ ಆಡಳಿತವನ್ನು ಮೂರು ದಶಕ ನಡೆಸಿದವರು. ಭೋಪಾಲದ ಕಾಣಿಕೆಯೂ ಹೈದರಾಬಾದಿನ ಮಂತ್ರಿಯೊಬ್ಬರ ಹೆಸರೂ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಹೀಗೆ ಅಕ್ಕಪಕ್ಕ ನಿಂತಿವೆ.

ಬೀಗ ಬಿದ್ದ ವರ್ಷಗಳು

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಬೇಗಂ ಅವರಿಗೆ ದುಆ ಮಾಡಿ ಸುಮ್ಮನಾಗಬಹುದಿತ್ತು. ಆದರೆ 1899ರಲ್ಲಿ ಲೈಟ್ನರ್ ತೀರಿಕೊಂಡರು. ಅವರೊಬ್ಬರ ಶ್ರಮವನ್ನೇ ನಂಬಿದ್ದ ವಿದ್ಯಾಸಂಸ್ಥೆ ಅವರೊಂದಿಗೇ ಕೊನೆಗೊಂಡಿತು. ವಿದ್ಯಾರ್ಥಿಗಳು ಇಲ್ಲವಾದಾಗ ನಮಾಝ್ ಮಾಡುವವರೂ ಇಲ್ಲವಾದರು. ಹತ್ತಕ್ಕೂ ಹೆಚ್ಚು ವರ್ಷ ಮಸೀದಿ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಗುಮ್ಮಟ ಹಾಗೆಯೇ ಹೊಳೆಯುತ್ತಿತ್ತು, ರೈಲಿನ ಕಿಟಕಿಯಿಂದ ಜನ ಅದನ್ನು ಕೌತುಕದಿಂದ ನೋಡುತ್ತಿದ್ದರು. 1890ರ ದಶಕದಲ್ಲಿ ಕೆಲಕಾಲ ಆ ಊರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಎಚ್. ಜಿ. ವೆಲ್ಸ್ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಳಿಯುವುದು ವೋಕಿಂಗ್ ಪಕ್ಕದ ಬಯಲಿನಲ್ಲಿಯೇ ಎಂದು ಕಲ್ಪಿಸಿದಾಗ, ಅವರ ದಾಳಿಗೆ ಮಸೀದಿಯ ಶಿಖರವೂ ನಾಶವಾಗುವುದನ್ನು ಬರೆದಿದ್ದರು. ಕಾದಂಬರಿಯ ಆ ನಾಶ ನಡೆಯಲಿಲ್ಲ. ನಿಜವಾದ ಅಪಾಯ ಬೇರೆ ರೂಪದಲ್ಲಿ ಬಂದಿತು. ಲೈಟ್ನರ್ ಅವರ ವಾರಸುದಾರರು ಆ ಆಸ್ತಿಯನ್ನೆಲ್ಲ ಮಾರಲು ಹೊರಟರು.

1912ರಲ್ಲಿ ಲಾಹೋರಿನಿಂದ ಇಂಗ್ಲೆಂಡಿಗೆ ಬಂದ ಖ್ವಾಜಾ ಕಮಾಲುದ್ದೀನ್ ಎಂಬ ವಕೀಲರು ಈ ಮುಚ್ಚಿದ ಮಸೀದಿಯನ್ನು ಕಂಡರು. ಅವರು ಮುಂದೆ ಲಾಹೋರ್ ಅಹ್ಮದಿಯ್ಯ ಎಂದು ಹೆಸರಾದ ಪಂಗಡದವರು. ಆ ಪಂಗಡದ ನಂಬಿಕೆಗಳನ್ನು ಮುಸ್ಲಿಮ್ ಸಮುದಾಯದ ಬಹುಪಾಲು ಒಪ್ಪುವುದಿಲ್ಲ. ಅಭಿಪ್ರಾಯಭೇದವನ್ನು ಮರೆಮಾಚದೆ, ನಡೆದ ಸಂಗತಿಯನ್ನೂ ಮರೆಮಾಚದೆ ಬರೆಯುವುದೇ ಇತಿಹಾಸಕ್ಕೆ ನ್ಯಾಯ. ಪ್ರಾರ್ಥನೆಗೆಂದು ಅರ್ಪಿಸಿದ ಜಾಗ ಯಾರೊಬ್ಬರ ಖಾಸಗಿ ಸ್ವತ್ತೂ ಆಗಲಾರದು, ಅದನ್ನು ಮಾರುವಂತಿಲ್ಲ ಎಂಬ ವಾದವನ್ನು ಅಂದು ಮುಂದಿಡಲಾಯಿತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ, ವಕ್ಫ್ ಕಾನೂನಿನಲ್ಲಿ ಪಾರಂಗತರಾಗಿದ್ದ ಸಯ್ಯಿದ್ ಅಮೀರ್ ಅಲಿ ಮೊದಲಾದವರು ಬೆಂಬಲಕ್ಕೆ ನಿಂತರು. ಮಸೀದಿ ಮತ್ತು ಸಾಲಾರ್ ಜಂಗ್ ಭವನ ಒಂದು ಟ್ರಸ್ಟಿನ ಕೈಗೆ ಬಂದವು. 1913ರಲ್ಲಿ ಅಲ್ಲಿ ಮತ್ತೆ ಅಝಾನ್ ಕೇಳಿಸಿತು.

ಉಳಿದುದರ ಗತಿ ಏನಾಯಿತು? ಪೌರ್ವಾತ್ಯ ವಿದ್ಯಾಸಂಸ್ಥೆಯ ಭವ್ಯ ಕಟ್ಟಡ ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ತಯಾರಿಸುವ ಕಾರ್ಖಾನೆಯಾಯಿತು. ಅನಂತರ ಬೇರೊಂದು ಕಾರ್ಖಾನೆ ಬಂದಿತು. ಇಂದು ಆ ಜಾಗದಲ್ಲಿ ಸಾಲು ಅಂಗಡಿಗಳೂ ಕಾರು ನಿಲ್ಲಿಸುವ ಬಯಲೂ ಇವೆ. ಎರಡೂ ಒಂದೇ ಆವರಣದಲ್ಲಿ ಒಬ್ಬರೇ ಕಟ್ಟಿ ಬೆಳೆಸಿದ ಸಂಸ್ಥೆಗಳು. ಒಂದು ಖಾಸಗಿ ಆಸ್ತಿಯಾಗಿ ಉಳಿದು ಮಾರಾಟವಾಗಿ ಅಳಿಯಿತು. ಇನ್ನೊಂದು ಅಲ್ಲಾಹನಿಗೆ ಅರ್ಪಿತವಾದುದು ಎಂಬ ಒಂದೇ ಕಾರಣದಿಂದ, ಆ ಮಾತನ್ನು ಎತ್ತಿ ಹಿಡಿಯಲು ಸಕಾಲದಲ್ಲಿ ಕೆಲವರು ಇದ್ದುದರಿಂದ, ಉಳಿಯಿತು.

ಅಲ್ಲಿಂದ ಮುಂದಿನ ಐವತ್ತು ವರ್ಷ ವೋಕಿಂಗ್ ಬ್ರಿಟನ್ನಿನ ಮುಸ್ಲಿಮರ ಕೇಂದ್ರವಾಗಿತ್ತು. ಇಂಜಿನಿಯರರಾಗಿದ್ದ ಲಾರ್ಡ್ ಹೆಡ್ಲಿ 1913ರಲ್ಲಿ ಇಸ್ಲಾಮ್ ಸ್ವೀಕರಿಸಿದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತು. ಅದೇ ವರ್ಷ ಇಲ್ಲಿಂದ ಮಾಸಪತ್ರಿಕೆಯೊಂದು ಹೊರಟಿತು. ಈದ್ ದಿನ ಲಂಡನ್ನಿನಿಂದ ರೈಲಿನಲ್ಲಿ ನಾನಾ ದೇಶಗಳ ಮುಸ್ಲಿಮರು ಬಂದು, ಒಳಗೆ ಜಾಗ ಸಾಲದೆ, ಹುಲ್ಲಿನ ಮೇಲೆ ಜಮಖಾನ ಹಾಸಿ ನಮಾಝ್ ಮಾಡುತ್ತಿದ್ದರು. 1960ರ ದಶಕದಲ್ಲಿ ಮಸೀದಿಯ ಆಡಳಿತ ಸುನ್ನೀ ಮುಸ್ಲಿಮರ ಕೈಗೆ ಬಂದಿತು. ಅಷ್ಟರಲ್ಲಿ ಪಾಕಿಸ್ತಾನದಿಂದ ದುಡಿಯಲು ಬಂದ ಕುಟುಂಬಗಳು ಊರಿನಲ್ಲಿ ನೆಲೆಯೂರಿದ್ದವು. 2018ರಲ್ಲಿ ಇಂಗ್ಲೆಂಡಿನ ಸರ್ಕಾರ ಈ ಮಸೀದಿಯನ್ನು ರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆಗೆ ಏರಿಸಿತು.

ಬಯಲಿನ ನಡುವಿನ ದಫನಭೂಮಿ

ಮಸೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಾರ್ಸೆಲ್ ಎಂಬ ಬಯಲಿನ ಅಂಚಿನಲ್ಲಿ, ಇಟ್ಟಿಗೆ ಗೋಡೆಯಿಂದ ಆವೃತವಾದ, ಗುಮ್ಮಟದ ಹೆಬ್ಬಾಗಿಲುಳ್ಳ ಚೌಕಾಕಾರದ ಅಂಗಳವೊಂದಿದೆ. ಮೊದಲ ಮಹಾಯುದ್ಧದಲ್ಲಿ ಭಾರತದಿಂದ 1,30,000ಕ್ಕೂ ಹೆಚ್ಚು ಮಂದಿ ಫ್ರಾನ್ಸ್ ಮತ್ತು ಬೆಲ್ಜಿಯಂನ ರಣರಂಗಕ್ಕೆ ಹೋದರು. ಗಾಯಗೊಂಡವರನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಬ್ರೈಟನ್ ಪಟ್ಟಣದಲ್ಲಿ ರಾಜಮನೆತನದ ಹಳೆಯ ವಿಲಾಸ ಭವನವೇ ಅವರ ಆಸ್ಪತ್ರೆಯಾಯಿತು. ಅಲ್ಲಿ ಮುಸ್ಲಿಮರಿಗೆ, ಹಿಂದೂಗಳಿಗೆ, ಸಿಖ್ಖರಿಗೆ ಪ್ರತ್ಯೇಕ ಅಡುಗೆಮನೆಗಳಿದ್ದವು. ಆದರೆ ಮರಣಿಸಿದ ಮುಸ್ಲಿಮ್ ಸೈನಿಕರಿಗೆ ಧರ್ಮೋಕ್ತವಾದ ದಫನ ಸಿಗುತ್ತಿಲ್ಲವೆಂದು ಶತ್ರು ಪಕ್ಷ ಪ್ರಚಾರ ಮಾಡತೊಡಗಿದಾಗ ಬ್ರಿಟಿಷ್ ಸರ್ಕಾರ ಎಚ್ಚೆತ್ತಿತು. ದೇಶದಲ್ಲಿದ್ದ ಒಂದೇ ಒಂದು ನೈಜ ಮಸೀದಿಯ ಸಮೀಪದಲ್ಲಿಯೇ ಅವರಿಗೆ ದಫನಭೂಮಿ ಕಟ್ಟಿತು. 1915ರಲ್ಲಿ ಆರಂಭವಾದ ಕೆಲಸ 1917ರಲ್ಲಿ ಮುಗಿಯಿತು. ಎರಡೂ ಮಹಾಯುದ್ಧಗಳ ಒಟ್ಟು 27 ಸೈನಿಕರು ಅಲ್ಲಿ ಮಣ್ಣಾದರು.

ಕಟ್ಟುವುದಕ್ಕೆ ಇದ್ದ ಉತ್ಸಾಹ ಕಾಯುವುದಕ್ಕೆ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ಅತ್ತ ನೋಡುವವರು ಕಡಿಮೆಯಾದರು. ಪುಂಡರು ಕಲ್ಲುಗಳನ್ನು ಕೆಡಿಸತೊಡಗಿದರು. 1960ರ ದಶಕದ ಕೊನೆಯಲ್ಲಿ ಆ ಸಮಾಧಿಗಳನ್ನು ಅಲ್ಲಿಂದ ಬ್ರೂಕ್‌ವುಡ್‌ನ ಸೈನಿಕ ದಫನಭೂಮಿಗೆ ಸ್ಥಳಾಂತರಿಸಬೇಕಾಯಿತು. ಖಾಲಿಯಾದ ಅಂಗಳದಲ್ಲಿ ಗಿಡಗಂಟಿಗಳು ಬೆಳೆದವು. ಬಹುಕಾಲದ ನಂತರ ಸ್ಥಳೀಯರ ಪ್ರಯತ್ನದಿಂದ ಗೋಡೆಗಳು ದುರಸ್ತಿಯಾಗಿ, 2015ರಲ್ಲಿ ಅದು ಶಾಂತಿವನವಾಯಿತು. ಅಲ್ಲಿ ನಡುವೆ ಒಂದು ನೀರಿನ ಕೊಳ, 27 ಸೈನಿಕರ ನೆನಪಿಗೆ ಹಿಮಾಲಯದ ಜಾತಿಯ 27 ಮರಗಳು, ಅವರ ಹೆಸರುಗಳನ್ನು ಕೆತ್ತಿದ ಒಂದು ಕಲ್ಲು ಇವೆ. ಪರದೇಶದಲ್ಲಿ, ತಮ್ಮದಲ್ಲದ ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಓದುತ್ತಾ ನಿಂತಾಗ, ಅವರ ಹಳ್ಳಿಗಳಲ್ಲಿ ಕಾದು ಕುಳಿತಿದ್ದ ತಾಯಂದಿರ ನೆನಪಾಗದಿರದು.

ಗ್ರಂಥಗಳ ಹಿಂದಿನ ಮನುಷ್ಯರು

ವೋಕಿಂಗ್‌ನಿಂದ ರೈಲಿನಲ್ಲಿ ಒಂದೇ ನಿಲ್ದಾಣ ಮುಂದೆ ಹೋದರೆ ಬ್ರೂಕ್‌ವುಡ್. ಲೈಟ್ನರ್ ಅವರ ಪ್ರಯತ್ನದಿಂದಲೇ ಅಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಜಾಗ ದೊರೆತಿತ್ತು. ನಮ್ಮ ಅನೇಕ ಮನೆಗಳ ಕಪಾಟಿನಲ್ಲಿ ಇಂಗ್ಲಿಷ್ ಅನುವಾದದ ಕುರ್‌ಆನ್ ಇರುತ್ತದೆ. ಅದರ ರಟ್ಟಿನ ಮೇಲೆ ಸಾಮಾನ್ಯವಾಗಿ ಕಾಣುವ ಎರಡು ಹೆಸರುಗಳು ಮರ್ಮಡ್ಯೂಕ್ ಪಿಕ್ಥಾಲ್ ಮತ್ತು ಅಬ್ದುಲ್ಲಾಹ್ ಯೂಸುಫ್ ಅಲಿ. ಇಬ್ಬರೂ ಮಲಗಿರುವುದು ಈ ಬ್ರೂಕ್‌ವುಡ್‌ನಲ್ಲಿ. ಲಿವರ್‌ಪೂಲಿನ ಕ್ವಿಲ್ಲಿಯಮ್ ಅವರೂ ಅಲ್ಲಿಯೇ ಇದ್ದಾರೆ.

ಪಿಕ್ಥಾಲ್ ಪಾದ್ರಿಯೊಬ್ಬರ ಮಗ, ಕಾದಂಬರಿಕಾರ. 1917ರಲ್ಲಿ ಬಹಿರಂಗವಾಗಿ ಇಸ್ಲಾಮ್ ಸ್ವೀಕರಿಸಿ, 1920ರಲ್ಲಿ ಮುಂಬಯಿಗೆ ಬಂದು ಪತ್ರಿಕೆಯೊಂದರ ಸಂಪಾದಕರಾದರು. 1925ರಲ್ಲಿ ಹೈದರಾಬಾದ್ ನಿಜಾಮರ ಸೇವೆಗೆ ಸೇರಿ ಶಾಲೆಯೊಂದರ ಮುಖ್ಯೋಪಾಧ್ಯಾಯರಾದರು. ನಿಜಾಮರು ರಜೆ ಕೊಟ್ಟು ನೆರವಾದುದರಿಂದಲೇ ಅವರ ಅನುವಾದ 1930ರಲ್ಲಿ ಬೆಳಕು ಕಂಡಿತು. ಅಂದರೆ ಕಲಬುರಗಿ, ರಾಯಚೂರಿನ ರೈತರೂ ಕಂದಾಯ ಕಟ್ಟುತ್ತಿದ್ದ ಒಂದು ಸಂಸ್ಥಾನದ ಆಶ್ರಯದಲ್ಲಿ ಆ ಗ್ರಂಥ ಸಿದ್ಧವಾಯಿತು. 1936ರಲ್ಲಿ ಅವರು ಇಂಗ್ಲೆಂಡಿನಲ್ಲಿ ಕೊನೆಯುಸಿರೆಳೆದರು. ಮುಂಬಯಿಯಲ್ಲಿ 1872ರಲ್ಲಿ ಹುಟ್ಟಿದ ಯೂಸುಫ್ ಅಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದವರು, ವಿವರವಾದ ಟಿಪ್ಪಣಿಗಳೊಂದಿಗೆ ಅವರು ರಚಿಸಿದ ಅನುವಾದ 1930ರ ದಶಕದಲ್ಲಿ ಲಾಹೋರಿನಿಂದ ಪ್ರಕಟವಾಯಿತು. ಜಗತ್ತಿನ ಲಕ್ಷಾಂತರ ಮನೆಗಳಿಗೆ ಗ್ರಂಥ ತಲುಪಿತು. ಗ್ರಂಥಕರ್ತರು ಮಾತ್ರ ಮುಪ್ಪಿನಲ್ಲಿ ಒಂಟಿಯಾದರು. 1953ರ ಡಿಸೆಂಬರಿನ ಚಳಿಯಲ್ಲಿ ಲಂಡನ್ನಿನಲ್ಲಿ ನಿರ್ಗತಿಕ ಸ್ಥಿತಿಯಲ್ಲಿ ತೀರಿಕೊಂಡರು. ನಾವು ಗ್ರಂಥವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಅದನ್ನು ನಮಗೆ ತಲುಪಿಸಿದ ವಿದ್ವಾಂಸನ ಅನ್ನ, ವಸತಿ, ಔಷಧಗಳನ್ನು ಎಷ್ಟು ಬಾರಿ ವಿಚಾರಿಸುತ್ತೇವೆ? ನಮ್ಮ ಮಸೀದಿಗಳ ಇಮಾಮರು, ಮದ್ರಸಗಳ ಉಸ್ತಾದರು ಮುಪ್ಪಿನಲ್ಲಿ ಹೇಗೆ ಬಾಳುತ್ತಿದ್ದಾರೆಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ದೇವರಾಯನದುರ್ಗದಿಂದ ಕಾಣುವುದು

ಈಗ ನಮ್ಮ ಊರಿನ ಕಡೆಗೆ ಬರೋಣ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ದೇವರಾಯನದುರ್ಗ ಹತ್ತಿರ ಹತ್ತಿರ 4000 ಅಡಿ ಎತ್ತರದ ಬೆಟ್ಟ. 1673ರಿಂದ 1704ರವರೆಗೆ ಆಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡುದರಿಂದ ಅದಕ್ಕೆ ಆ ಹೆಸರು. ಮೇಲೆ ನರಸಿಂಹ ದೇವಾಲಯಗಳಿವೆ, ತಪ್ಪಲಿನಲ್ಲಿ ನಾಮದ ಚಿಲುಮೆಯಿದೆ. ಅದೇ ಒಡೆಯರ ಕಾಲದಲ್ಲಿ, 1687ರಿಂದ, ಇದೇ ಜಿಲ್ಲೆಯ ಸಿರಾ ಮೊಘಲರ ಸುಬಾದ ರಾಜಧಾನಿಯಾಗಿತ್ತು. ಅದಕ್ಕೂ ಮೊದಲು ಬಿಜಾಪುರದ ಪರವಾಗಿ ಸಿರಾವನ್ನು ಆಳಿದ ಮಲಿಕ್ ರಿಹಾನರ ದರ್ಗಾ, ಕಲ್ಲಿನಲ್ಲಿ ಕಟ್ಟಿದ ಜುಮ್ಮಾ ಮಸೀದಿ ಇಂದಿಗೂ ಅಲ್ಲಿವೆ. ಸಿರಾದ ವೈಭವ ಹೋಯಿತು, ಸುಬೇದಾರರು ಹೋದರು, ಮಸೀದಿ ಉಳಿಯಿತು. ತಲೆಮಾರಿನಿಂದ ತಲೆಮಾರಿಗೆ ನಮಾಝ್ ಮಾಡುವವರು ಅಲ್ಲಿದ್ದುದೇ ಅದಕ್ಕೆ ಕಾರಣ.

ದೇವರಾಯನದುರ್ಗದ ಮಡಿಲಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ಕಡೆಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಇನ್ನೊಂದು ದಿಕ್ಕಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಮೂಲದಲ್ಲಿ ಎರಡೂ ದಾಟಬಹುದಾದಷ್ಟು ಸಣ್ಣ ಹರಿವು. ಸದಕಃ ಜಾರಿಯಃ ಎಂಬ ಮಾತಿನ ಅರ್ಥವೇ ಹರಿಯುತ್ತಿರುವ ದಾನ. ಮನುಷ್ಯನು ಮರಣಿಸಿದಾಗ ಮೂರನ್ನು ಬಿಟ್ಟು ಅವನ ಎಲ್ಲ ಕರ್ಮಗಳೂ ನಿಂತುಹೋಗುತ್ತವೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ: ನಿರಂತರ ಹರಿಯುವ ದಾನ, ಜನರಿಗೆ ಪ್ರಯೋಜನವಾಗುವ ವಿದ್ಯೆ, ತನಗಾಗಿ ಪ್ರಾರ್ಥಿಸುವ ಸತ್ಸಂತಾನ. ತಾವು ಕಾಣದ ಊರಿನಲ್ಲಿ, ತಾವು ಅರಿಯದ ಜನರಿಗಾಗಿ ಶಾಹ್‌ಜಹಾನ್ ಬೇಗಂ ಕೊಟ್ಟ ಹಣ ಅಂಥ ಹರಿವು. ಆದರೆ ಕಾಲುವೆಯನ್ನು ಯಾರೂ ಕಾಯದಿದ್ದರೆ ನೀರು ನಡುವೆಯೇ ಇಂಗುತ್ತದೆ. ಬೇಗಂ ಅವರೇ ಭೋಪಾಲದಲ್ಲಿ ಕಟ್ಟಿಸತೊಡಗಿದ ವಿಶಾಲವಾದ ತಾಜುಲ್ ಮಸಾಜಿದ್ ಅವರ ಮರಣದ ನಂತರ ದಶಕಗಳ ಕಾಲ ಅಪೂರ್ಣವಾಗಿಯೇ ನಿಂತಿದ್ದು, 1985ರಲ್ಲಿ ಪೂರ್ಣಗೊಂಡಿತು.

ದುರ್ಗದ ಬೆಟ್ಟದ ಮೇಲೆ ನಿಂತು ನೋಡಿದರೆ ತುಮಕೂರು ಬೆಂಗಳೂರಿನತ್ತ ಚಾಚಿಕೊಳ್ಳುತ್ತಿರುವುದು ಕಾಣುತ್ತದೆ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದು 1884ರಲ್ಲಿ. ಲೈಟ್ನರ್ ವೋಕಿಂಗ್‌ನಲ್ಲಿ ತಮ್ಮ ಸಂಸ್ಥೆಯನ್ನು ಕಟ್ಟುತ್ತಿದ್ದ ಕಾಲವೇ ಅದು. ಸುಮಾರು 70 ಕಿಲೋಮೀಟರ್‌ಗಳ ಆ ಹಾದಿಯಲ್ಲಿ ಇಂದು ಬೆಳಗಿನ ರೈಲುಗಳು ಕಿಕ್ಕಿರಿದು ಹೊರಡುತ್ತವೆ. 2017ರಲ್ಲಿ ಬೆಂಗಳೂರು–ಹಾಸನ ಮಾರ್ಗ ತೆರೆದ ಮೇಲೆ ಕುಣಿಗಲ್ಲಿಗೂ ಅದೇ ಅವಕಾಶ ಬಂದಿದೆ. ಗುಬ್ಬಿಯಿಂದ ಹೊರಡುವವರೂ ಇದ್ದಾರೆ. ದುಡಿಮೆಗಾಗಿ ಹೋಗುವುದು ಹಲಾಲ್ ಸಂಪಾದನೆಯ ಮಾರ್ಗ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಫಜ್ರ್ ಮುಗಿಯುತ್ತಲೇ ಯುವಕರೆಲ್ಲ ಊರು ಬಿಟ್ಟರೆ ಮೊಹಲ್ಲಾದ ಮಸೀದಿಯಲ್ಲಿ ಝುಹ್ರ್, ಅಸರ್‌ಗೆ ಉಳಿಯುವವರು ವೃದ್ಧರು ಮಾತ್ರ. ಇಶಾಗೆ ಮರಳಿದವರಿಗೆ ಮಕ್ಕಳ ಓದನ್ನು ಕೇಳಲೂ ಪುರುಸೊತ್ತಿಲ್ಲ. ಊರು ಮಲಗುವ ಜಾಗವಾಗುತ್ತಾ ಹೋದಂತೆ ಊರಿನ ಹೊಣೆ ಯಾರದೂ ಅಲ್ಲದ ಹೊಣೆಯಾಗುತ್ತದೆ. ನೆಲದ ಬೆಲೆ ಏರಿದಂತೆ, ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಹೋದ ದಾನದ ಜಮೀನು, ಬೇಲಿಯಿಲ್ಲದ ಖಬರಸ್ತಾನದ ಅಂಚು ಮೊದಲು ಕರಗುತ್ತವೆ. ವೋಕಿಂಗ್‌ನ ವಿದ್ಯಾಸಂಸ್ಥೆ ಕರಗಿದ್ದು ಹೀಗೆಯೇ.

ನಮ್ಮ ಮುಂದಿರುವ ಕೆಲಸ

ಅಲ್ಲಾಹನ ಮಸೀದಿಗಳನ್ನು ಪೋಷಿಸುವವರು ಯಾರೆಂದು ಪವಿತ್ರ ಕುರ್‌ಆನಿನ ಅತ್ತೌಬಃ ಅಧ್ಯಾಯ ತಿಳಿಸುವಾಗ, ಅಲ್ಲಾಹನಲ್ಲಿಯೂ ಅಂತಿಮ ದಿನದಲ್ಲಿಯೂ ವಿಶ್ವಾಸ, ನಮಾಝ್, ಝಕಾತ್ ಮತ್ತು ಅಲ್ಲಾಹನ ಹೊರತು ಯಾರಿಗೂ ಅಂಜದಿರುವಿಕೆ ಎಂಬ ಗುಣಗಳನ್ನು ಎಣಿಸುತ್ತದೆ. ಅಲ್ಲಿ ಕಲ್ಲು, ಗಾರೆ, ಮಿನಾರುಗಳ ಎತ್ತರದ ಮಾತಿಲ್ಲ. ವೋಕಿಂಗ್‌ನ ಇತಿಹಾಸ ಇದಕ್ಕೆ ಒಂದು ವ್ಯಾಖ್ಯಾನದಂತಿದೆ. 1889ರಿಂದ 1899ರವರೆಗೆ, ಮತ್ತೆ 1913ರಿಂದ ಇಂದಿನವರೆಗೆ ಗೋಡೆಗಳು ಅವೇ. ನಡುವಿನ ವರ್ಷಗಳಲ್ಲಿ ಇಲ್ಲದಿದ್ದುದು ಮನುಷ್ಯರು.

ಆದುದರಿಂದ ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲವು ಕೆಲಸಗಳಿವೆ. ಮಸೀದಿ, ಮದ್ರಸ, ಖಬರಸ್ತಾನಗಳ ದಾನಪತ್ರ, ಪಹಣಿ, ಸರ್ವೆ ನಕ್ಷೆಗಳನ್ನು ಒಟ್ಟುಗೂಡಿಸಿ, ಗಡಿ ಅಳೆಸಿ, ವಕ್ಫ್ ದಾಖಲೆಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ನೋಡಬೇಕು. ಯಾವ ಹಿರಿಯರು ಯಾವ ಉದ್ದೇಶಕ್ಕೆ ಜಾಗ ಕೊಟ್ಟರೆಂಬುದನ್ನು, ಅದನ್ನು ಬಲ್ಲ ವೃದ್ಧರು ನಮ್ಮ ನಡುವೆ ಇರುವಾಗಲೇ ಬರೆದಿಡಬೇಕು. ಮದ್ರಸದ ಸಮಯವನ್ನು ತಂದೆಯಂದಿರು ರೈಲಿನಿಂದ ಮರಳುವ ಹೊತ್ತಿಗೆ ಹೊಂದಿಸಿ, ವಾರಕ್ಕೊಮ್ಮೆಯಾದರೂ ಅವರು ಮಕ್ಕಳೊಡನೆ ಕುಳಿತು ಕಲಿಯುವಂತೆ ಮಾಡಬೇಕು. ಇಮಾಮರ ವೇತನದ ಜೊತೆಗೆ ಅವರ ಮುಪ್ಪಿನ ಆಸರೆಗೂ ಒಂದು ನಿಧಿ ಬೇಕು. ಇವು ಯಾವುವೂ ದೊಡ್ಡ ಹಣದ ಕೆಲಸಗಳಲ್ಲ, ಬಿಡದೆ ಮಾಡಬೇಕಾದ ಕೆಲಸಗಳು.

ಇಂಗ್ಲೆಂಡಿಗೆ ಹೋಗುವ ನಮ್ಮವರು ಒಂದು ಶುಕ್ರವಾರವನ್ನು ವೋಕಿಂಗ್‌ಗೆ ಮೀಸಲಿಡಲಿ. ಜುಮುಅ ಮುಗಿಸಿ, ಶಾಂತಿವನದಲ್ಲಿ ಆ 27 ಹೆಸರುಗಳನ್ನು ಓದಿ, ಬ್ರೂಕ್‌ವುಡ್‌ನಲ್ಲಿ ಇಬ್ಬರು ಅನುವಾದಕರಿಗೆ ಸಲಾಮ್ ಹೇಳಿ, ಅವರ ಮಗ್ಫಿರತ್‌ಗಾಗಿ ದುಆ ಮಾಡಲಿ. ಹೋಗಲಾಗದವರಿಗೆ ತಮ್ಮ ಬೀದಿಯ ಮಸೀದಿಯೇ ಇದೆ. ಅದನ್ನು ಕಟ್ಟಿಸಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಈ ಜುಮುಅದ ದಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಹಿರಿಯರಲ್ಲಿ ಅದನ್ನು ಕೇಳಿ ತಿಳಿಯೋಣ. ಹಿಂದಿನವರು ಹರಿಸಿದ ದಾನ ನಮ್ಮ ಕಾಲದಲ್ಲಿ ಬತ್ತಿಹೋಗದಂತೆ ಕಾಯುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.